ಆಕಾಶವಾಣಿ ಟ್ಯೂನ್ ಯಾರದ್ದು? ವಾಲ್ಟರ್ ಕೌಫ್‌ಮನ್ ಬಗ್ಗೆ ಒಂದು ಉದ್ದದ ಉತ್ತರ

ಪ್ರಶ್ನೆ: ಬೆಳಿಗ್ಗೆ ರೇಡಿಯೋ ಶುರುವಾಗೋ ಮುಂಚೆ ಬರೋ ಆಕಾಶವಾಣಿ ಟ್ಯೂನ್ ಮಾಡಿದ್ದು ಪಂಡಿತ್ ರವಿಶಂಕರ್ ಅಂತಾನೇ ನಮ್ಮನೇಲಿ ಎಲ್ಲರೂ ಅಂದ್ಕೊಂಡಿದ್ವಿ. ಮೊನ್ನೆ ವಾಟ್ಸಾಪ್‌ನಲ್ಲಿ ಯಾರೋ ಅದು ಒಬ್ಬ ಯಹೂದಿ ಫಾರಿನರ್ ಮಾಡಿದ್ದು ಅಂತ ಕಳಿಸಿದ್ರು. ನಿಜಾನಾ ಸರ್? ನಿಜ ಆಗಿದ್ರೆ ಅವರು ಯಾರು, ಇಲ್ಲಿಗೆ ಯಾಕೆ ಬಂದ್ರು, ಶಿವರಂಜನಿ ರಾಗ ಅವರಿಗೆ ಹೇಗೆ ಗೊತ್ತಾಯ್ತು, ಆಮೇಲೆ ಏನಾದ್ರು?

ಉತ್ತರ:

ಅಪರೂಪಕ್ಕೆ ವಾಟ್ಸಾಪ್ ಈ ಸಲ ಸರಿಯಾಗೇ ಹೇಳಿದೆ. ಅವರ ಹೆಸರು ವಾಲ್ಟರ್ ಕೌಫ್‌ಮನ್. ರವಿಶಂಕರ್ ಅವರ ಹೆಸರು ಇದರಲ್ಲಿ ಸೇರ್ಕೊಂಡಿದ್ದು ದೂರದರ್ಶನದಿಂದ, ಟಿವಿಯ ಆ ಗುಂಡಗೆ ತಿರುಗೋ ಚಿಹ್ನೆ ಜೊತೆ ಬರ್ತಿತ್ತಲ್ಲ, ಆ ಟ್ಯೂನ್ ಅವರದ್ದು, ಜನ ಎರಡನ್ನೂ ಕಲಸಿಬಿಟ್ಟಿದಾರೆ ಅಷ್ಟೆ. ಠಾಕೂರ್ ಬಲವಂತ್ ಸಿಂಗ್ ಅನ್ನೋರ ಹೆಸರೂ ಓಡಾಡುತ್ತೆ, ಜಾನ್ ಫೌಲ್ಡ್ಸ್ ಅನ್ನೋ ಇಂಗ್ಲಿಷ್ ಕಂಪೋಸರ್ ಹೆಸರೂ ಓಡಾಡುತ್ತೆ. ಫೌಲ್ಡ್ಸ್ ವಿಷಯ ಆಮೇಲೆ ಹೇಳ್ತೀನಿ, ಅದೂ ಒಂದು ಮಜಾ ಕಥೆ. ನನ್ನ ಮಟ್ಟಿಗೆ ಮಾತ್ರ ಕೌಫ್‌ಮನ್ ಅವರೇ ಅನ್ನೋದ್ರಲ್ಲಿ ಅನುಮಾನ ಇಲ್ಲ. ಬಾಂಬೆ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತದ ಜವಾಬ್ದಾರಿ ಹೊತ್ತಿದ್ದವರು ಅವರು, ಮತ್ತೆ ಆ ಟ್ಯೂನ್‌ನಲ್ಲಿ ವಯಲಿನ್ ಹೋಗೋ ದಾರಿ ಅವರ ಉಳಿದ ಬರವಣಿಗೆ ಕೇಳಿದೋರಿಗೆ ತಕ್ಷಣ ಗುರುತು ಸಿಗುತ್ತೆ. ಒಂದು ಸಣ್ಣ ತೊಡಕು ಏನಂದ್ರೆ ಟ್ಯೂನ್ ಆಗಿದ್ದು 1936ರಲ್ಲಿ ಅಂತ ಎಲ್ಲ ಕಡೆ ಬರೀತಾರೆ, ಅವರು ರೇಡಿಯೋಗೆ ಸೇರಿದ್ದು 1937ರಲ್ಲಿ. ಮೊದಲೇ ಬೇರೆ ಯಾವುದಕ್ಕೋ ಬರೆದಿಟ್ಟಿದ್ದ ತುಣುಕನ್ನ ಆಮೇಲೆ ರೇಡಿಯೋಗೆ ಬಳಸಿರಬಹುದು ಅಂತ ನನ್ನ ಊಹೆ.

ಆದ್ರೆ ನನಗೆ ಬೇಜಾರಾಗೋದು ಬೇರೆ ವಿಷಯಕ್ಕೆ. ಈ ಮನುಷ್ಯ ಒಪೆರಾ (ಹಾಡಿನಲ್ಲೇ ನಡೆಯೋ ನಾಟಕ) ಬರೆದಿದಾರೆ, ಸಿಂಫನಿ ಬರೆದಿದಾರೆ, ಕೆನಡಾದಲ್ಲಿ ಒಂದು ಆರ್ಕೆಸ್ಟ್ರಾನ ಶುರುವಿನಿಂದ ಕಟ್ಟಿ ಒಂಬತ್ತು ವರ್ಷ ನಡೆಸಿದಾರೆ, ಅಮೆರಿಕದಲ್ಲಿ ಇಪ್ಪತ್ತು ವರ್ಷ ಪ್ರೊಫೆಸರ್ ಆಗಿದ್ರು, ನಮ್ಮ ರಾಗಗಳ ಮೇಲೆ ಎರಡು ದಪ್ಪ ಪುಸ್ತಕ ಬರೆದಿದಾರೆ, ಅದೆಲ್ಲಾ ಈ ಅರ್ಧ ನಿಮಿಷದ ಟ್ಯೂನ್ ಅಡಿಗೆ ಸಿಕ್ಕಿ ಮರೆತೇಹೋಗಿದೆ. ಟ್ಯೂನ್ ಯಾರದ್ದು ಅಂತ ಕ್ವಿಜ್‌ನಲ್ಲಿ ಕೇಳ್ತಾರೆ, ಉತ್ತರ ಹೇಳಿದೋರಿಗೂ ಅವರ ಬೇರೆ ಒಂದೇ ಒಂದು ಕೃತಿ ಗೊತ್ತಿರಲ್ಲ. ಅದಕ್ಕೆ ಸ್ವಲ್ಪ ವಿವರವಾಗೇ ಬರೀತಿದೀನಿ, ತಾಳ್ಮೆಯಿಂದ ಓದಿ.

ಹುಟ್ಟಿದ್ದು 1907ರ ಏಪ್ರಿಲ್ 1ಕ್ಕೆ, ಕಾರ್ಲ್ಸ್‌ಬಾದ್‌ನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ, ಈಗ ಜೆಕ್ ದೇಶದ ಕಾರ್ಲೊವಿ ವಾರಿ, ಬಿಸಿನೀರಿನ ಬುಗ್ಗೆಗಳ ಊರು. ಮನೆಮಾತು ಜರ್ಮನ್, ಮನೆತನ ಯಹೂದಿ. ಬರ್ಲಿನ್‌ಗೆ ಹೋಗಿ ಕಂಪೋಸಿಷನ್ ಕಲಿತಿದ್ದು ಫ್ರಾಂಟ್ಸ್ ಶ್ರೇಕರ್ ಹತ್ರ. ಶ್ರೇಕರ್ ಅಂದ್ರೆ ಆ ಕಾಲಕ್ಕೆ ಜರ್ಮನಿಯಲ್ಲಿ ತುಂಬಾ ದೊಡ್ಡ ಹೆಸರು, ಅವರ ಒಪೆರಾಗಳು ಊರೂರಲ್ಲಿ ಆಡ್ತಿದ್ವು. ಸಂಗೀತಶಾಸ್ತ್ರ ಕಲಿತಿದ್ದು ಕರ್ಟ್ ಸಾಕ್ಸ್ ಹತ್ರ, ಇದು ನಮಗೆ ಮುಖ್ಯ, ಯಾಕಂದ್ರೆ ಪ್ರಪಂಚದ ಎಲ್ಲಾ ವಾದ್ಯಗಳನ್ನ ತಂತಿ, ಗಾಳಿ, ಚರ್ಮ, ಘನ ಅಂತ ವಿಂಗಡಿಸೋ ಪದ್ಧತಿಯನ್ನ ಹಾರ್ನ್‌ಬಾಸ್ಟೆಲ್ ಜೊತೆ ಸೇರಿ 1914ರಲ್ಲಿ ಕೊಟ್ಟವರೇ ಈ ಸಾಕ್ಸ್. ನಾಟ್ಯಶಾಸ್ತ್ರದಲ್ಲಿ ತತ, ಸುಷಿರ, ಅವನದ್ಧ, ಘನ ಅಂತ ಇದೆಯಲ್ಲ, ಅದಕ್ಕೂ ಇದಕ್ಕೂ ಎಷ್ಟು ಹತ್ರ ಅಂತ ನೀವೇ ನೋಡಿ. ಸಾಕ್ಸ್ ಅವರಿಗೆ ಭಾರತದ ವಾದ್ಯಗಳ ಬಗ್ಗೆ ಒಂದು ಪುಸ್ತಕ ಬರೆಯೋವಷ್ಟು ಪರಿಚಯ ಇತ್ತು. ಅಂದ್ರೆ ಕೌಫ್‌ಮನ್ ಹಡಗು ಹತ್ತೋ ಹೊತ್ತಿಗೆ ಭಾರತದ ಸಂಗೀತ ಅಂದ್ರೆ ಏನು ಅಂತ ಪಾಠದಲ್ಲಾದ್ರೂ ಕೇಳಿದ್ರು, ಪೂರ್ತಿ ಅಮಾಯಕರಾಗಿ ಬಂದು ಇಳೀಲಿಲ್ಲ.

ಕಂಡಕ್ಟಿಂಗ್, ಅಂದ್ರೆ ಆರ್ಕೆಸ್ಟ್ರಾ ಮುಂದೆ ನಿಂತು ಅದನ್ನ ನಡೆಸೋ ಕೆಲಸ, ಶುರು ಮಾಡಿದ್ದೂ ಅದೇ ವಯಸ್ಸಿಗೆ. ಬರ್ಲಿನ್‌ನ ಶಾರ್ಲೊಟನ್‌ಬರ್ಗ್ ಒಪೆರಾದಲ್ಲಿ ಬ್ರೂನೋ ವಾಲ್ಟರ್‌ಗೆ ಅಸಿಸ್ಟೆಂಟ್, ಬೇಸಿಗೆಗೆ ತಮ್ಮೂರ ಕಡೆ ಬಂದು ಅಲ್ಲಿನ ಥಿಯೇಟರ್‌ಗಳಲ್ಲಿ ಒಪೆರಾ ನಡೆಸೋದು. ಬ್ರೂನೋ ವಾಲ್ಟರ್ ಸ್ವತಃ ಮಾಹ್ಲರ್ ಅನ್ನೋ ದೊಡ್ಡ ಕಂಪೋಸರ್ ಹತ್ರ ಪಳಗಿದವರು, ಹಾಗಾಗಿ ಗುರುಪರಂಪರೆ ಲೆಕ್ಕದಲ್ಲಿ ನೋಡಿದ್ರೆ ಇದು ಸಾಮಾನ್ಯದ ಮನೆ ಅಲ್ಲ.

ಆಮೇಲೆ ಪ್ರಾಗ್‌ನ ಜರ್ಮನ್ ಯೂನಿವರ್ಸಿಟಿಯಲ್ಲಿ ಡಾಕ್ಟರೇಟ್‌ಗೆ ಓದಿದ್ರು, ಮಾಹ್ಲರ್ ಮೇಲೇ ಥೀಸಿಸ್. ಎಲ್ಲಾ ಮುಗೀತು ಅನ್ನೋವಾಗ ತಮ್ಮ ಪ್ರೊಫೆಸರ್ ಗುಸ್ತಾವ್ ಬೆಕಿಂಗ್ ಅಲ್ಲಿನ ನಾತ್ಸಿ ಯುವಕರ ಗುಂಪಿನ ಮುಂದಾಳು ಅಂತ ಗೊತ್ತಾಯ್ತು. ಆ ಕೈಯಿಂದ ಡಿಗ್ರಿ ಬೇಡ ಅಂತ ಬಿಟ್ಟೇಬಿಟ್ರು. ಆವಾಗ ಅವರಿಗೆ ಇಪ್ಪತ್ತೈದು ಇಪ್ಪತ್ತಾರು ವಯಸ್ಸು ಅಷ್ಟೆ, ಕೆಲಸ ಸಿಗೋದೇ ಕಷ್ಟ ಇದ್ದ ಕಾಲ, ಡಾಕ್ಟರ್ ಅನ್ನೋ ಪಟ್ಟ ಇದ್ದಿದ್ರೆ ಎಷ್ಟೋ ಬಾಗಿಲು ತೆಗೀತಿತ್ತು. ಅವರ ಜೀವನದಲ್ಲಿ ನನಗೆ ಅತೀ ಇಷ್ಟದ ಘಟನೆ ಇದು, ಟ್ಯೂನ್‌ಗಿಂತ ಹೆಚ್ಚು.

1933ರಲ್ಲಿ ಹಿಟ್ಲರ್ ಬಂದ. ಸಾಕ್ಸ್ ಕೆಲಸ ಹೋಯ್ತು, ಬ್ರೂನೋ ವಾಲ್ಟರ್ ಜರ್ಮನಿ ಬಿಡಬೇಕಾಯ್ತು, ಶ್ರೇಕರ್‌ನ ಮೊದಲೇ ಹುದ್ದೆಯಿಂದ ಇಳಿಸಿದ್ರು, 1934ರಲ್ಲಿ ತೀರ್ಕೊಂಡೇಬಿಟ್ರು. ಕೌಫ್‌ಮನ್ 1934ರ ಫೆಬ್ರವರಿಲಿ ಬಾಂಬೆಗೆ ಬಂದಿಳಿದ್ರು. ಬಾಂಬೆನೇ ಯಾಕೆ ಅಂತ ಆಮೇಲೆ ಯಾರೋ ಕೇಳಿದ್ದಕ್ಕೆ, ವೀಸಾ ಸುಲಭಕ್ಕೆ ಸಿಕ್ತು ಅಂತ ಹೇಳಿದ್ರಂತೆ. ಹಿಮಾಲಯ, ಯೋಗ, ಅಧ್ಯಾತ್ಮ ಹುಡ್ಕೊಂಡು ಬಂದವರಲ್ಲ ಇವರು, ಇದನ್ನ ನೆನಪಿಟ್ಕೊಳಿ.

ಈಗ ನಿಮ್ಮ ಶಿವರಂಜನಿ ಪ್ರಶ್ನೆಗೆ ಬರ್ತೀನಿ. ಅವರು ಮೊದಲ ಸಲ ನಮ್ಮ ಸಂಗೀತದ ರೆಕಾರ್ಡ್‌ಗಳನ್ನ ಕೇಳಿದಾಗ ಒಂದು ಸ್ವಲ್ಪಾನೂ ಹಿಡಿಸಲಿಲ್ಲ, ತಲೆಬುಡ ಅರ್ಥ ಆಗ್ಲಿಲ್ಲ. ಇದನ್ನ ಅವರೇ ಬರ್ಕೊಂಡಿದಾರೆ. ಆದ್ರೆ ಅದಾದ ಮೇಲೆ ಅವರು ಯೋಚಿಸಿದ ರೀತಿ ನೋಡಿ, ಲಕ್ಷಾಂತರ ಜನ ಇಷ್ಟಪಡೋ ಸಂಗೀತ ಇದು, ಬುದ್ಧಿ ಹೃದಯ ಎರಡೂ ಇರೋ ಜನ ಮಾಡಿದ್ದು, ನನಗೆ ಅರ್ಥ ಆಗ್ತಿಲ್ಲ ಅಂದ್ರೆ ತಪ್ಪು ನನ್ನದೇ, ಹುಟ್ಟಿದ ಜಾಗಕ್ಕೇ ಹೋಗಿ ಕಲೀಬೇಕು ಅಂತ. ಆ ಕಾಲದ ಯುರೋಪಿಯನ್ನರಲ್ಲಿ ನಮ್ಮ ಸಂಗೀತನ ಗಲಾಟೆ ಅಂತ ತಳ್ಳಿಹಾಕಿದೋರು ಒಂದಷ್ಟು ಜನ, ಏನೂ ಕೇಳದೆ ದೈವಿಕ ಅಂತ ಹೊಗಳಿದೋರು ಇನ್ನೊಂದಷ್ಟು ಜನ. ಇವರು ಎರಡೂ ಮಾಡ್ಲಿಲ್ಲ, ಕೂತು ಕಲಿತ್ರು. ಗೊಂಡರು, ಬೈಗಾ ಬುಡಕಟ್ಟಿನವರ ಹಾಡುಗಳನ್ನ ಕೇಳಿ ನೊಟೇಷನ್ ಹಾಕಿ 1941ರಲ್ಲೇ ಅಮೆರಿಕದ ಒಂದು ಸಂಗೀತ ಪತ್ರಿಕೆಗೆ ಲೇಖನ ಬರೆದ್ರು.

ಮನೇಲಿ ಕೀಬೋರ್ಡ್ ಅಥವಾ ಹಾರ್ಮೋನಿಯಂ ಇದ್ರೆ ಒಂದು ಕೆಲಸ ಮಾಡಿ. ಸಿ, ಡಿ, ಇ, ಜಿ, ಎ ಬಿಳಿ ಮನೆಗಳನ್ನ ಒತ್ತಿ. ಸ ರಿ ಗ ಪ ದ, ಮೋಹನ. ಈಗ ಗಾಂಧಾರ ಒಂದನ್ನ ಮಾತ್ರ ಪಕ್ಕದ ಕಪ್ಪು ಮನೆಗೆ ಇಳಿಸಿ, ಅಂತರ ಗಾಂಧಾರ ಹೋಗಿ ಸಾಧಾರಣ ಗಾಂಧಾರ ಬಂತು, ಶಿವರಂಜನಿ ಆಯ್ತು. ಒಂದೇ ಸ್ವರ ಇಳಿದಿದ್ದು, ಮನೆಯ ಬೆಳಕೇ ಬದಲಾದ ಹಾಗೆ ಇರುತ್ತೆ. ಈಗ ಪಾಶ್ಚಾತ್ಯ ಕಿವಿಯಿಂದ ಯೋಚಿಸಿ: ಸ ಗ ಪ ಮೂರನ್ನೂ ಒಟ್ಟಿಗೆ ಒತ್ತಿದ್ರೆ ಅದು ಅವರ ಮೈನರ್ ಕಾರ್ಡ್, ಚಿಕ್ಕಂದಿನಿಂದ ಕೇಳಿ ಬೆಳೆದಿದ್ದು. ರಿ ಇಂದ ಗ ಗೆ ಅರ್ಧ ಸ್ವರದ ಸಣ್ಣ ಹೆಜ್ಜೆ, ಗ ಇಂದ ಪ ಗೆ ದೊಡ್ಡ ಹಾರು. ಮೈನರ್‌ನಲ್ಲಿ ಸಾಮಾನ್ಯವಾಗಿ ಕೆಳಗಿರಬೇಕಾದ ಧೈವತ ಇಲ್ಲಿ ಮೇಲಿದೆ, ಗಾಂಧಾರಕ್ಕೂ ಈ ಧೈವತಕ್ಕೂ ನಡುವೆ ಒಂದು ಚುಚ್ಚೋ ಅಂತರ ಹುಟ್ಟುತ್ತೆ. ಶ್ರೇಕರ್ ಹತ್ರ ಕಲಿತ ಒಬ್ಬ ಮಧ್ಯ ಯುರೋಪಿನ ಕಂಪೋಸರ್‌ಗೆ ಇದು ಅರ್ಧ ತನ್ನ ಮನೆಯದ್ದು, ಅರ್ಧ ಹೊಸದು. ಅವರು ಶಿವರಂಜನಿಯನ್ನ ಆರಿಸಿದ್ದು ಕಾಕತಾಳೀಯ ಅಂತ ನನಗೆ ಅನ್ಸಲ್ಲ, ಇದು ಎರಡೂ ಕಡೆ ಕಾಲಿಡೋಕೆ ಜಾಗ ಇರೋ ರಾಗ. ಟ್ಯೂನ್ ಕೇಳುವಾಗ ಗಮನಿಸಿ, ಕೆಳಗೆ ತಂಬೂರಿ, ಮೇಲೆ ವಯಲಿನ್ ಬಂದು ಹೋಗುತ್ತೆ, ತಬಲಾ ಇಲ್ಲ, ಪಿಯಾನೋ ಇಲ್ಲ. ಗಮಕ (ಸ್ವರನ ಅಲ್ಲಾಡಿಸೋದು) ಕಡಿಮೆ, ನಮ್ಮ ವಿದ್ವಾಂಸರು ಆ ಗಾಂಧಾರನ ಹಾಗೆ ನೇರ ನಿಲ್ಲಿಸಲ್ಲ. ಆದ್ರೂ ಇದು ಹೊರಗಿನೋರು ಮಾಡಿದ್ದು ಅಂತ ನಮ್ಮ ಜನಕ್ಕೆ ಇಷ್ಟು ವರ್ಷ ಅನುಮಾನಾನೇ ಬಂದಿಲ್ಲ.

(ಮೈಸೂರಿನವರಿಗೆ ಒಂದು ಮಾತು. ಟ್ಯೂನ್ ಬಾಂಬೆದು, ಆದ್ರೆ ಆಕಾಶವಾಣಿ ಅನ್ನೋ ಹೆಸರು ನಮ್ಮದೇ. 1935ರ ಸೆಪ್ಟೆಂಬರ್‌ನಲ್ಲಿ ಮಹಾರಾಜ ಕಾಲೇಜಿನ ಸೈಕಾಲಜಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಶುರು ಮಾಡಿದ ಸ್ಟೇಷನ್ನಿನ ಹೆಸರು ಅದು, ಆಲ್ ಇಂಡಿಯಾ ರೇಡಿಯೋ ಅದನ್ನ ತಗೊಂಡಿದ್ದು ಸ್ವಾತಂತ್ರ್ಯ ಬಂದ ಮೇಲೆ.)

ಬಾಂಬೆಯಲ್ಲಿ ಕೌಫ್‌ಮನ್ ಸುಮ್ನೆ ಕೂತೋರಲ್ಲ. ಬಂದ ಮೂರೇ ತಿಂಗಳಿಗೆ, ಮೇ 1934ಕ್ಕೆ, ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿ ಅಂತ ಕಟ್ಟಿದ್ರು (ಚೇಂಬರ್ ಮ್ಯೂಸಿಕ್ ಅಂದ್ರೆ ಕೆಲವೇ ವಾದಕರು ಸೇರಿ ನುಡಿಸೋ ಸಂಗೀತ). ವಿಲಿಂಗ್ಡನ್ ಜಿಮ್ಖಾನಾದಲ್ಲಿ ಪ್ರತಿ ಗುರುವಾರ ಕಚೇರಿ. ಪಿಯಾನೋ ಕೌಫ್‌ಮನ್, ಚೆಲ್ಲೋ ಎಡಿಜಿಯೋ ವೆರ್ಗಾ ಅನ್ನೋ ಇಟಾಲಿಯನ್, ವಯಲಿನ್ ಮೆಹ್ಲಿ ಮೆಹ್ತಾ. ಹೌದು, ಜುಬಿನ್ ಮೆಹ್ತಾ ಅವರ ಅಪ್ಪ. ಆ ಗುರುವಾರಗಳು ಶುರುವಾದಾಗ ಜುಬಿನ್ ಇನ್ನೂ ಹುಟ್ಟೇ ಇರ್ಲಿಲ್ಲ, ಹುಟ್ಟಿದ್ದು 1936ರಲ್ಲಿ. ಸಿಗ್ನೇಚರ್ ಟ್ಯೂನ್‌ನಲ್ಲಿ ವಯಲಿನ್ ಬಾರಿಸಿದ್ದು ಮೆಹ್ಲಿ ಮೆಹ್ತಾ ಅವರೇ ಅಂತ ಹೇಳ್ತಾರೆ. ಮೊದಲ ಮೂರು ವರ್ಷದಲ್ಲೇ ಸೊಸೈಟಿಯ ಕಚೇರಿಗಳು ನೂರು ದಾಟಿದ್ವು. ಕೇಳೋಕೆ ಬರ್ತಿದ್ದೋರು ಸಣ್ಣ ಗುಂಪು, ಪಾರ್ಸಿಗಳು, ಯುರೋಪಿಯನ್ನರು, ಗೋವಾದವರು, ಅಂಥ ಊರಲ್ಲಿ ಇಷ್ಟು ಕಚೇರಿ ನಡೆಸೋದು ಅಂದ್ರೆ ಸುಮ್ನೆ ಮಾತಲ್ಲ, ಹಾಲ್ ನೋಡ್ಕೋಬೇಕು, ನೋಟ್ಸ್ ಕಾಪಿ ಮಾಡ್ಬೇಕು, ಮಳೆಗಾಲದಲ್ಲಿ ಪಿಯಾನೋ ಶ್ರುತಿ ಬಿಟ್ಟುಕೊಳ್ಳುತ್ತೆ, ವಯಲಿನ್ ಅಂಟು ಬಿಡುತ್ತೆ.

1937ರಿಂದ 1946ರವರೆಗೆ ಆಲ್ ಇಂಡಿಯಾ ರೇಡಿಯೋದ ಬಾಂಬೆ ಸ್ಟೇಷನ್ನಿನಲ್ಲಿ ಪಾಶ್ಚಾತ್ಯ ಸಂಗೀತದ ಡೈರೆಕ್ಟರ್. 1939ರಲ್ಲಿ 'ಅನಸೂಯಾ' ಅಂತ ರೇಡಿಯೋಗೇ ಅಂತ ಬರೆದ ಒಪೆರಾ ಪ್ರಸಾರ ಆಯ್ತು, ನಮ್ಮ ದೇಶದ ಮೊದಲ ರೇಡಿಯೋ ಒಪೆರಾ ಅಂತ ಅದನ್ನ ಕರೀತಾರೆ. ಜರ್ಮನಿಯಲ್ಲಿ ಸಿನಿಮಾ ಕಲಿತು ಬಂದಿದ್ದ ಮೋಹನ್ ಭವನಾನಿಯವರ ಸಿನಿಮಾಗಳಿಗೆ ಹಿನ್ನೆಲೆ ಸಂಗೀತ ಕೊಟ್ರು, ಸೋಫಿಯಾ ಕಾಲೇಜಲ್ಲಿ ಪಾಠ ಮಾಡಿದ್ರು.

ಇಲ್ಲೇ ಜಾನ್ ಫೌಲ್ಡ್ಸ್ ಬರ್ತಾರೆ. ಅವರು ಮ್ಯಾಂಚೆಸ್ಟರ್‌ನವರು, ಅವರೂ ಕಂಡಕ್ಟರ್-ಕಂಪೋಸರ್, 1935ರಲ್ಲಿ ಭಾರತಕ್ಕೆ ಬಂದು ದೆಹಲಿ ಸ್ಟೇಷನ್ನಿನಲ್ಲಿ ಇದೇ ಹುದ್ದೆಯಲ್ಲಿದ್ರು. ನಮ್ಮ ವಾದ್ಯಗಾರರಿಗೆ ಸ್ಟಾಫ್ ನೊಟೇಷನ್ (ಐದು ಗೆರೆ ಮೇಲೆ ಸ್ವರ ಬರೆಯೋ ಪಾಶ್ಚಾತ್ಯ ಪದ್ಧತಿ) ಕಲಿಸಿ ಇಂಡೋ-ಯುರೋಪಿಯನ್ ಆರ್ಕೆಸ್ಟ್ರಾ ಅಂತ ಕಟ್ಟಿದ್ರು. ಹಾರ್ಮೋನಿಯಂ ಕಂಡ್ರೆ ಅವರಿಗೆ ಆಗ್ತಿರಲಿಲ್ಲ, ಅದು ಭಾರತೀಯ ಸಂಗೀತನ ಹಾಳು ಮಾಡ್ತಿದೆ ಅಂತ ಕೆಂಡಾಮಂಡಲ ಲೇಖನ ಬರೆದ್ರು, ಆ ಅಭಿಪ್ರಾಯಕ್ಕೆ ರೇಡಿಯೋದ ಆಗಿನ ಕಂಟ್ರೋಲರ್ ಲಯನೆಲ್ ಫೀಲ್ಡನ್ ಬೆಂಬಲಾನೂ ಇತ್ತು. ಕೊನೆಗೆ 1940ರಲ್ಲಿ ರೇಡಿಯೋದಲ್ಲಿ ಹಾರ್ಮೋನಿಯಂ ಬ್ಯಾನ್ ಆಯ್ತು, 1971ರ ತನಕ ಇತ್ತು ಆ ಬ್ಯಾನ್! ಅದನ್ನ ನೋಡೋಕೆ ಫೌಲ್ಡ್ಸ್ ಇರ್ಲಿಲ್ಲ, 1939ರಲ್ಲಿ ಕಲ್ಕತ್ತಾಗೆ ವರ್ಗವಾಗಿ ಹೋದ ಕೆಲವೇ ದಿನಕ್ಕೆ ಕಾಲರಾ ಬಂದು ತೀರ್ಕೊಂಡ್ರು. ಇಬ್ಬರೂ ಒಂದೇ ಕಾಲ, ಒಂದೇ ಹುದ್ದೆ, ಹಾಗಾಗಿ ಟ್ಯೂನ್ ಅವರದ್ದಿರಬಹುದು ಅನ್ನೋ ಊಹೆ ಹುಟ್ಟಿದೆ. ಆದ್ರೆ ಇಬ್ಬರ ದಾರಿ ಬೇರೆ ಬೇರೆ. ಫೌಲ್ಡ್ಸ್‌ಗೆ ದೊಡ್ಡ ಕನಸು, ಎರಡೂ ಸಂಗೀತನ ಒಂದೇ ವೇದಿಕೆ ಮೇಲೆ ಕೂರಿಸ್ಬೇಕು. ಕೌಫ್‌ಮನ್ ತಮ್ಮ ನಾಲ್ಕು ತಂತಿವಾದ್ಯದ ಒಳಗೇ ರಾಗದ ಗೆರೆ ತರೋಕೆ ನೋಡಿದ್ರು, ಸದ್ದಿಲ್ಲದ ಕೆಲಸ. ನನಗೆ ಕೌಫ್‌ಮನ್ ದಾರಿನೇ ಹೆಚ್ಚು ಹಿಡಿಸೋದು, ಫೌಲ್ಡ್ಸ್ ಅಭಿಮಾನಿಗಳು ಬೈದ್ರೂ ಪರವಾಗಿಲ್ಲ.

ಮನೆ ಕಡೆ ವಿಷಯ. ಮೊದಲ ಹೆಂಡತಿ ಗೆರ್ಟಿ, ಸಾಹಿತಿ ಫ್ರಾಂಟ್ಸ್ ಕಾಫ್ಕಾ ಅವರ ತಂಗಿಯರಲ್ಲಿ ದೊಡ್ಡವರಾದ 'ಎಲ್ಲಿ' ಅನ್ನೋರ ಮಗಳು. ಗೆರ್ಟಿ ಪ್ರಾಗ್‌ನಿಂದ ಬಾಂಬೆಗೆ ಬಂದು ಸೇರಿದ್ರು, ಮಗಳು ಹುಟ್ಟಿದ್ದೂ ಇಲ್ಲೇ. ಊರಲ್ಲೇ ಉಳಿದ ಎಲ್ಲಿ ಅವರನ್ನ 1941ರಲ್ಲಿ ಪ್ರಾಗ್‌ನಿಂದ ಪೋಲೆಂಡ್‌ನ ವುಜ್ ಘೆಟ್ಟೋಗೆ (ನಾತ್ಸಿಗಳು ಯಹೂದಿಗಳನ್ನ ಕೂಡಿಹಾಕಿದ್ದ ಜಾಗ) ಸಾಗಿಸಿದ್ರು, ವಾಪಸ್ ಬರ್ಲಿಲ್ಲ. ಕಾಫ್ಕಾರ ಮೂವರು ತಂಗಿಯರನ್ನೂ ನಾತ್ಸಿಗಳು ಕೊಂದ್ರು. ಪ್ರಾಗ್‌ನ ವಿಮರ್ಶಕ ವಿಲ್ಲಿ ಹಾಸ್, ಮುಂದೆ ಕಾಫ್ಕಾರ ಕಾಗದಗಳನ್ನ ಸಂಪಾದಿಸಿದವರು, ಅವರು 1939ರಲ್ಲಿ ಜೀವ ಉಳಿಸ್ಕೊಂಡು ಬಾಂಬೆಗೆ ಬರೋಕೂ ಕೌಫ್‌ಮನ್ ಅವರೇ ಕೈ ಹಿಡಿದ್ರು, ಭವನಾನಿ ಹತ್ರ ಕಥೆ ಬರೆಯೋ ಕೆಲಸ ಆಯ್ತು. ವೀಸಾ ಸುಲಭಕ್ಕೆ ಸಿಕ್ತು ಅನ್ನೋ ಆ ಹಗುರ ಮಾತಿನ ಹಿಂದೆ ಇಷ್ಟೆಲ್ಲಾ ಇತ್ತು.

1946ರಲ್ಲಿ ಬಾಂಬೆ ಬಿಟ್ರು. ಲಂಡನ್‌ನಲ್ಲಿ ಸ್ವಲ್ಪ ಕಾಲ, ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಪಿಯಾನೋ ಪಾಠ ಸ್ವಲ್ಪ ಕಾಲ, ಅದನ್ನ ಬಿಟ್ಟುಬಿಡ್ತೀನಿ. 1948ರಲ್ಲಿ ವಿನಿಪೆಗ್ ಸಿಂಫನಿ ಆರ್ಕೆಸ್ಟ್ರಾ ಶುರುವಾದಾಗ ಅದರ ಮೊದಲ ಮ್ಯೂಸಿಕ್ ಡೈರೆಕ್ಟರ್ ಆದ್ರು, 1957ರವರೆಗೆ ಇದ್ರು. ವಿನಿಪೆಗ್ ಅಂದ್ರೆ ಚಳಿಗಾಲದಲ್ಲಿ ಮೈನಸ್ 30 ಡಿಗ್ರಿಗೆ ಇಳಿಯೋ ಬಯಲುಸೀಮೆ ಊರು, ಬಾಂಬೆ ಸೆಖೆ ಕಂಡೋರು ಅಲ್ಲಿಗೆ. ಹೊಸ ಆರ್ಕೆಸ್ಟ್ರಾಗೆ ಕಂಡಕ್ಟರ್ ಅಂದ್ರೆ ಕೋಲು ಬೀಸೋದು ಕಡಿಮೆ, ಬೇರೆ ಕೆಲಸ ಜಾಸ್ತಿ. ಇರೋ ವಾದಕರ ಕೈಗೆ ಎಟುಕೋ ಕೃತಿ ಆರಿಸಬೇಕು, ಟಿಕೆಟ್ ಕೊಳ್ಳೋರನ್ನ ಹೆದರಿಸಬಾರದು, ಆದ್ರೂ ವರ್ಷದಿಂದ ವರ್ಷಕ್ಕೆ ಮಟ್ಟ ಏರ್ತಿರಬೇಕು. ಆ ಊರಲ್ಲಿ ಅವರನ್ನ ಇವತ್ತಿಗೂ ನೆನೆಯೋದು ಈ ಕಾರಣಕ್ಕೆ, ಅಲ್ಲಿನವರಿಗೆ ನಮ್ಮ ಟ್ಯೂನ್ ಕಟ್ಕೊಂಡು ಏನಾಗ್ಬೇಕು. ಎರಡನೇ ಹೆಂಡತಿ, ಪಿಯಾನೋ ಕಲಾವಿದೆ ಫ್ರೀಡಾ ಟ್ರೆಪೆಲ್, ಸಿಕ್ಕಿದ್ದೂ ಅಲ್ಲೇ. ಭಾರತ ಮಾತ್ರ ತಲೆಯಿಂದ ಹೋಗಿರಲಿಲ್ಲ: 'ಮದ್ರಾಸ್ ಎಕ್ಸ್‌ಪ್ರೆಸ್' ಅಂತ ಒಂದು ಆರ್ಕೆಸ್ಟ್ರಾ ತುಣುಕನ್ನ 1948ರಲ್ಲಿ ಬಾಸ್ಟನ್ ಪಾಪ್ಸ್ ನುಡಿಸಿತು.

ಕಂಡಕ್ಟರ್ ಬರೆದ ಸಂಗೀತನ ಜನ ಸೀರಿಯಸ್ ಆಗಿ ತಗೊಳಲ್ಲ, ಇದೊಂದು ಹಳೇ ರೋಗ. ಜರ್ಮನಿಯ ಹೆಸರಾಂತ ಕಂಡಕ್ಟರ್ ಫುರ್ಟ್‌ವಾಂಗ್ಲರ್ ತಾನು ಮೊದಲು ಕಂಪೋಸರ್ ಅಂತಾನೇ ಕೊನೆವರೆಗೂ ನಂಬಿದ್ರು, ಮೂರು ಸಿಂಫನಿ ಬರೆದ್ರು, ಕ್ಲೆಂಪರರ್ ಕೂಡ ಸಿಂಫನಿ ಬರೆದ್ರು, ಯಾರು ಕೇಳ್ತಾರೆ ಈಗ? (ಫುರ್ಟ್‌ವಾಂಗ್ಲರ್ ಅಂದಾಗ ನೆನಪಾಯ್ತು, 1950ರಲ್ಲಿ ಲಂಡನ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಹಾಡುಗಳನ್ನ ಮೊಟ್ಟಮೊದಲು ನಡೆಸಿದ್ದು ಅವರೇ, ಆ ಕಚೇರಿಗೆ ದುಡ್ಡಿನ ಬೆಂಬಲ ಕೊಟ್ಟಿದ್ದು ನಮ್ಮ ಜಯಚಾಮರಾಜ ಒಡೆಯರ್.) ಕೌಫ್‌ಮನ್‌ಗೆ ಈ ರೋಗದ ಜೊತೆ ಇನ್ನೊಂದು ಕಷ್ಟಾನೂ ಇತ್ತು, ಅವರಿಗೆ ಊರೇ ಇರ್ಲಿಲ್ಲ. ಜೆಕ್‌ನವರಿಗೆ ಜರ್ಮನ್ ಮಾತಾಡೋನು, ಜರ್ಮನ್ನರಿಗೆ ಯಹೂದಿ, ನಮಗೆ ಫಾರಿನರ್, ಕೆನಡಾಗೆ ಕಂಡಕ್ಟರ್, ಅಮೆರಿಕಕ್ಕೆ ಪ್ರೊಫೆಸರ್. ನಮ್ಮ ಕಂಪೋಸರ್ ಅಂತ ಎತ್ತಿ ಹಿಡಿಯೋ ದೇಶ ಯಾವುದೂ ಆಗ್ಲಿಲ್ಲ.

1957ರಲ್ಲಿ ಬ್ಲೂಮಿಂಗ್ಟನ್‌ನ ಇಂಡಿಯಾನಾ ಯೂನಿವರ್ಸಿಟಿಗೆ ಹೋದ್ರು, 1977ಕ್ಕೆ ನಿವೃತ್ತಿ, 1984ರ ಸೆಪ್ಟೆಂಬರ್‌ನಲ್ಲಿ ಅಲ್ಲೇ ತೀರ್ಕೊಂಡ್ರು. ಅಲ್ಲಿದ್ದಾಗ ಒಪೆರಾಗಳನ್ನ ಬರೆದು ಯೂನಿವರ್ಸಿಟಿಯಲ್ಲೇ ಆಡಿಸಿದ್ರು, ಟಿಬೆಟ್ ಬೌದ್ಧರ ಮಂತ್ರಪಠಣ, ಚೀನಾ, ಏಷ್ಯಾದ ನೊಟೇಷನ್ ಪದ್ಧತಿಗಳು ಅಂತ ಒಂದಾದ ಮೇಲೊಂದು ಪುಸ್ತಕ. ಉತ್ತರ ಭಾರತದ ರಾಗಗಳ ಪುಸ್ತಕ 1968ರಲ್ಲಿ, ದಕ್ಷಿಣದ್ದು 1976ರಲ್ಲಿ. ದಕ್ಷಿಣದ ಪುಸ್ತಕ ನಮ್ಮ ಕಡೆ ಲೈಬ್ರರಿಯಲ್ಲಿ ಸಿಕ್ಕಿದ್ರೆ ತೆಗೆದು ನೋಡಿ, ವೆಂಕಟಮಖಿಯ 72 ಮೇಳಗಳ (ಮೂಲ ರಾಗಗಳ) ಲೆಕ್ಕದಲ್ಲಿ ಮೇಳ ಮೇಳಕ್ಕೂ ಅದರಿಂದ ಹುಟ್ಟಿದ ಜನ್ಯರಾಗಗಳನ್ನ ಜೋಡಿಸಿ, ಆರೋಹಣ ಅವರೋಹಣ ಸ್ಟಾಫ್ ನೊಟೇಷನ್‌ನಲ್ಲಿ ಕೊಟ್ಟಿದಾರೆ. ಒಂದು ಎಚ್ಚರಿಕೆ ಮಾತ್ರ ಹೇಳ್ತೀನಿ: ಅದರಿಂದ ರಾಗ ಕಲಿಯೋಕೆ ಹೋಗ್ಬೇಡಿ. ಅದು ಸ್ವರಗಳ ಕ್ಯಾಟಲಾಗ್ ಅಂತ ಅವರೇ ಮುಖಪುಟದಲ್ಲಿ ಹಾಕಿದಾರೆ. ತೋಡಿಯ ಗಾಂಧಾರ ಹೇಗೆ ಅಲ್ಲಾಡುತ್ತೆ, ಸಹಾನದ ಗಾಂಧಾರ ಯಾಕೆ ಮೋಹನದ ಥರ ಇರಲ್ಲ, ಇದೆಲ್ಲಾ ಆ ಐದು ಗೆರೆ ಮೇಲೆ ಕೂರಲ್ಲ. ನಮ್ಮ ಕೆಲವು ವಿದ್ವಾಂಸರು ಇದಕ್ಕೇ ಅದನ್ನ ತಳ್ಳಿಹಾಕ್ತಾರೆ, ಅದು ನ್ಯಾಯ ಅಲ್ಲ ಅನ್ಸುತ್ತೆ ನನಗೆ, ಇಷ್ಟು ರಾಗಗಳನ್ನ ಒಂದೇ ಕಡೆ ಹುಡುಕೋ ಹಾಗೆ ಒಬ್ಬನೇ ಮನುಷ್ಯ ಜೋಡಿಸಿಟ್ಟಿರೋದು ಸಣ್ಣ ಕೆಲಸ ಏನಲ್ಲ.

ಕೇಳೋಕೆ ಎಲ್ಲಿಂದ ಶುರು ಮಾಡ್ಲಿ ಅಂತ ನೀವು ಮುಂದಿನ ಪ್ರಶ್ನೆ ಕೇಳೇ ಕೇಳ್ತೀರ. 2020ರಲ್ಲಿ ಟೊರಾಂಟೋದ ಎಆರ್‌ಸಿ ಆನ್ಸಾಂಬಲ್, ದೇಶ ಬಿಟ್ಟು ಓಡಬೇಕಾಗಿ ಬಂದ ಕಂಪೋಸರ್‌ಗಳ ಸರಣಿಯಲ್ಲಿ ಇವರ ಚೇಂಬರ್ ಕೃತಿಗಳ ಒಂದು ಆಲ್ಬಮ್ ತಂದಿದೆ, ಚಾಂಡೋಸ್ ಕಂಪನಿದು, ಆನ್‌ಲೈನ್‌ನಲ್ಲೂ ಸಿಗುತ್ತೆ. ಅದರಲ್ಲಿ 11ನೇ ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಕೃತಿ) ಮೊದಲು ಕೇಳಿ. ಇಡೀ ಕೃತಿಯಲ್ಲಿ ಇಲ್ಲಿ ರಾಗ ಇದೆ ನೋಡಿ ಅಂತ ಬೋರ್ಡ್ ಹಾಕಿರಲ್ಲ, ಮಧ್ಯದಲ್ಲಿ ಎಲ್ಲೋ ಒಂದು ಗೆರೆ ಬರುತ್ತೆ, ಬೆಳಿಗ್ಗೆ ಆರು ಗಂಟೆ ರೇಡಿಯೋ ಕೇಳಿ ಬೆಳೆದ ಕಿವಿ ಥಟ್ ಅಂತ ಹಿಡಿಯುತ್ತೆ. ಅದಾದ ಮೇಲೆ ಎರಡನೇ ವಯಲಿನ್ ಸೊನಾಟಾ. 7ನೇ ಕ್ವಾರ್ಟೆಟ್ ಸ್ವಲ್ಪ ಗಟ್ಟಿ, ಒಂದೇ ಸಲಕ್ಕೆ ಇಳಿಯಲ್ಲ, ಎರಡು ಮೂರು ಸಲ ಕೇಳ್ಬೇಕಾಗುತ್ತೆ. ಒಪೆರಾಗಳ ರೆಕಾರ್ಡಿಂಗ್ ನನ್ನ ಕೈಗೆ ಸಿಕ್ಕಿಲ್ಲ, ನಿಮಗೆಲ್ಲಾದ್ರೂ ಸಿಕ್ಕಿದ್ರೆ ದಯವಿಟ್ಟು ನನಗೂ ಕಳಿಸಿ.